ಜಾತಕದ ಆ್ಯಪ್‌ಗಳು: ಲೆಕ್ಕ ಗಟ್ಟಿ, ಚಾಟ್ ದುಬಾರಿ

ಕುಂಡಲಿ ಹಾಕುವುದರಲ್ಲಿ ಈ ಆ್ಯಪ್‌ಗಳ ಗಣಿತ ಚೆನ್ನಾಗಿಯೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಅಯನಾಂಶ (ರಾಶಿಚಕ್ರ ಎಲ್ಲಿಂದ ಶುರು ಎಂಬುದರ ತಿದ್ದುಪಡಿ) ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಲಾಹಿರಿ’ ಇದೆಯೇ ನೋಡಿಕೊಳ್ಳಿ. ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ರಾಶಿಬಿಂದು, ಸುಮಾರು 4 ನಿಮಿಷಕ್ಕೆ 1 ಡಿಗ್ರಿ ಸರಿಯುವುದರಿಂದ ಅಂದಾಜು ಸಮಯ ಹಾಕಬೇಡಿ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ಮಧ್ಯದವರೆಗೆ ಯುದ್ಧದ ಕಾರಣ ಗಡಿಯಾರ 1 ಗಂಟೆ ಮುಂದಿತ್ತು. ಆಗ ಹುಟ್ಟಿದ ಹಿರಿಯರ ಜಾತಕದಲ್ಲಿ ಅದನ್ನು ಕಳೆಯದಿದ್ದರೆ ಲಗ್ನವೇ ತಪ್ಪೀತು.

ಸಾಲಾವಳಿಯ (ಮದುವೆಗೆ ಜಾತಕ ಹೊಂದಿಸುವ) ಅಂಕ ನಂಬುವ ಮುನ್ನ ಕೂಟವಾರು ಪಟ್ಟಿ, ಅಂದರೆ ಹೊಂದಾಣಿಕೆಯ ಒಂದೊಂದು ಅಂಶಕ್ಕೆ ಬಿದ್ದ ಅಂಕ, ತೆರೆಯಿರಿ. 36ರಲ್ಲಿ ನಾಡಿ ಎಂಬ ಒಂದು ಕೂಟಕ್ಕೇ 8. ಅದು ಸೊನ್ನೆಯಾದರೂ ಮೊತ್ತ ಸಾಮಾನ್ಯವಾಗಿ ಸಾಕೆನ್ನುವ 18 ದಾಟಬಹುದು.

ಜ್ಯೋತಿಷಿಗಳ ಜೊತೆ ಚಾಟ್‌ಗೆ ನಿಮಿಷದ ಲೆಕ್ಕದಲ್ಲಿ ದುಡ್ಡು. ಉಚಿತ ನಿಮಿಷಗಳೆಲ್ಲ ಹುಟ್ಟಿದ ಊರು, ಹೊತ್ತು ಟೈಪ್ ಮಾಡುವುದರಲ್ಲೇ ಮುಗಿಯುತ್ತವೆ. ವಿವರ, ಪ್ರಶ್ನೆ ಮೊದಲೇ ಬರೆದಿಟ್ಟು ಪೇಸ್ಟ್ ಮಾಡಿ. ಕವಡೆ ಎಸೆದು ಉತ್ತರ ಹೇಳುವ ಕವಡೆ ಪ್ರಶ್ನೆಯಂತೂ ಚಾಟ್‌ನಲ್ಲಿ ದಂಡ: ಎಷ್ಟು ಬಿತ್ತೆಂದು ನೋಡಿದವರ್ಯಾರು?