ಮ್ಯಾನ್ಯುಯಲ್ ಪರಿಷ್ಕರಣೆಗೆ ಒಳ್ಳೆಯ ತಂತ್ರಾಂಶ, ಡೈರೆಕ್ಟಿವ್‌ಗಳ ವಿಷಯದಲ್ಲಿ ಎಚ್ಚರವಿರಲಿ

ವಿಮಾನ ನಿರ್ವಹಣಾ ಘಟಕವೊಂದರ ತಾಂತ್ರಿಕ ದಾಖಲೆ ವಿಭಾಗದಲ್ಲಿ ಕೆಲಸ ಮಾಡುವ ನಾನು, ಮ್ಯಾನ್ಯುಯಲ್‌ಗಳನ್ನೂ ಟಾಸ್ಕ್ ಕಾರ್ಡ್‌ಗಳನ್ನೂ (ಒಂದೊಂದು ಕೆಲಸದ ಹಂತಗಳನ್ನು ಬರೆದ ಹಾಳೆಗಳು) ಸದಾ ಚಾಲ್ತಿಯಲ್ಲಿಡಲೆಂದು ಚಂದಾ ಕಟ್ಟಿ ಪಡೆದ ತಂತ್ರಾಂಶವೊಂದನ್ನು ಒಂದೂವರೆ ವರ್ಷದಿಂದ ಬಳಸುತ್ತಿದ್ದೇನೆ. ದೂರೂ ಇರುವುದರಿಂದ ತಯಾರಕರ ಹೆಸರನ್ನು ಬರೆಯುತ್ತಿಲ್ಲ.

ತಪಾಸಣಾಧಿಕಾರಿಗಳು ಮ್ಯಾನ್ಯುಯಲ್‌ಗಳನ್ನು ಅಂದವಾಗಿ ಜೋಡಿಸಿಟ್ಟ ಕಪಾಟಿನತ್ತ ಬರುವುದು ಅಪರೂಪ. ನೇರವಾಗಿ ಹ್ಯಾಂಗರ್‌ಗೆ ಹೋಗಿ, ಮೆಕ್ಯಾನಿಕ್‌ನ ಕೈಯಲ್ಲಿರುವ ಟಾಸ್ಕ್ ಕಾರ್ಡನ್ನು ಪಡೆದು, ಅದರ ರಿವಿಷನ್ ಸಂಖ್ಯೆ ಮೂಲ ಮ್ಯಾನ್ಯುಯಲ್‌ನ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. ನಿರ್ವಹಣಾ ಮಾಹಿತಿ ಚಾಲ್ತಿಯಲ್ಲಿರಬೇಕೆಂದು ಯುರೋಪಿನ 145.ಎ.45 ಮತ್ತು ಅಮೆರಿಕದ 145.109 ನಿಯಮಗಳೆರಡೂ ವಿಧಿಸುತ್ತವೆ. ಕಾಗದದ ಕಾಲದಲ್ಲಿ ರಿವಿಷನ್ ಬಂದ ದಿನ ಚಾಲ್ತಿ ಪುಟಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಹಳೆಯ ಹಾಳೆಗಳನ್ನು ಕಿತ್ತು ಹೊಸವನ್ನು ಹಾಕಿ, ಹಳದಿ ಬಣ್ಣದ ತಾತ್ಕಾಲಿಕ ಪರಿಷ್ಕರಣೆಯ ಹಾಳೆಗಳನ್ನು ಸಂಬಂಧಿಸಿದ ಪುಟಗಳ ಎದುರಿಗೆ ಸೇರಿಸುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು.

ಈ ತಂತ್ರಾಂಶದಲ್ಲಿ ನನಗೆ ಬಹಳ ಹಿಡಿಸಿದ್ದು ಮುದ್ರಿತ ಹಾಳೆಗೂ ಅವಧಿಯನ್ನು ಕಟ್ಟುವ ವ್ಯವಸ್ಥೆ. ಪ್ರತಿ ಟಾಸ್ಕ್ ಕಾರ್ಡಿನ ಅಡಿಯಲ್ಲಿ ರಿವಿಷನ್, ಮುದ್ರಿಸಿದ ಸಮಯ ಮತ್ತು ಒಂದು ಕೋಡ್ ಇರುತ್ತದೆ. ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಹಾಳೆ ಇನ್ನೂ ಚಾಲ್ತಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ಒಮ್ಮೆ ಚಕ್ರ ಬದಲಾವಣೆಗೆಂದು ಸಂಜೆ ಮುದ್ರಿಸಿ ಟೂಲ್‌ಬಾಕ್ಸ್ ಮುಚ್ಚಳಕ್ಕೆ ಅಂಟಿಸಿದ್ದ ಕಾರ್ಡು ಬೆಳಿಗ್ಗೆ ಕೆಂಪು ತೋರಿಸಿತು. ರಾತ್ರಿ ಬಂದ ತಾತ್ಕಾಲಿಕ ಪರಿಷ್ಕರಣೆ ಬೇರಿಂಗ್ ನಟ್ ಬಿಗಿಸುವ ಕ್ರಮವನ್ನೇ ಬದಲಿಸಿತ್ತು. ಕೈಯಲ್ಲಿ ಹಳೆಯ ಹಾಳೆ ಹಿಡಿದ ಮೆಕ್ಯಾನಿಕ್‌ಗೆ ಇದನ್ನು ನಾವಾಗಿಯೇ ಹೇಳುವಷ್ಟರಲ್ಲಿ ಚಕ್ರ ಕೂತಿರುತ್ತಿತ್ತು.

ಏರ್‌ವರ್ದಿನೆಸ್ ಡೈರೆಕ್ಟಿವ್‌ಗಳ, ಅಂದರೆ ಸುರಕ್ಷತೆಗಾಗಿ ವಿಮಾನಯಾನ ನಿಯಂತ್ರಕರು ಹೊರಡಿಸುವ ಕಡ್ಡಾಯ ಆದೇಶಗಳ, ವಿಭಾಗ ಮಾತ್ರ ನಿರಾಸೆ ತಂದಿದೆ. ಹಲವು ಡೈರೆಕ್ಟಿವ್‌ಗಳು ವಿಮಾನಕ್ಕಲ್ಲ, ಅದರಲ್ಲಿ ಕೂರಿಸಿದ ಭಾಗದ ಪಾರ್ಟ್ ನಂಬರ್ ಮತ್ತು ಸೀರಿಯಲ್ ನಂಬರ್‌ಗೆ ಅನ್ವಯಿಸುತ್ತವೆ. ತಂತ್ರಾಂಶ ಹುಡುಕುವುದು ವಿಮಾನದ ಮಾದರಿ ಮತ್ತು ಸೀರಿಯಲ್ ನಂಬರನ್ನಷ್ಟೇ; ಹಾಗಾಗಿ ಬೇರೊಂದು ವಿಮಾನದಿಂದ ಬಿಚ್ಚಿ ತಂದ ಪಂಪಿಗೆ ಅನ್ವಯಿಸುವ ಡೈರೆಕ್ಟಿವ್, ನಾವು ಕೈಯಾರೆ ನಮೂದಿಸುವವರೆಗೆ ಪಟ್ಟಿಯಲ್ಲಿ ಕಾಣಲೇ ಇಲ್ಲ. ಅದಕ್ಕಿಂತ ಕೆಟ್ಟದ್ದು, 'ಓದಿದ್ದೇನೆ' ಎಂಬ ಗುಂಡಿ ಒತ್ತಿದರೂ 'ಪಾಲಿಸಲಾಗಿದೆ' ಎಂದು ನಮೂದಿಸಿದರೂ ಸಾಲು ಒಂದೇ ಹಸಿರಾಗುತ್ತದೆ. ಅಮೆರಿಕದ 91.417 ನಿಯಮದಡಿ ಡೈರೆಕ್ಟಿವ್ ಸಂಖ್ಯೆ, ಅದರ ಪರಿಷ್ಕರಣಾ ದಿನಾಂಕ ಮತ್ತು ಪಾಲಿಸಿದ ವಿಧಾನ ದಾಖಲೆಯಲ್ಲಿರಬೇಕು. ಮರುಕಳಿಸುವ ಕೆಲಸವಾದರೆ ಮುಂದಿನ ಗಡುವೂ ಬೇಕು. ಬರೀ ಹಸಿರು ಸಾಲನ್ನು ಕಂಡ ಅಧಿಕಾರಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ, 'ಹೇಗೆ ಪಾಲಿಸಿದಿರಿ?' ಅದೃಷ್ಟವಶಾತ್ ಲಾಗ್‌ಬುಕ್‌ನಲ್ಲಿ ಉತ್ತರವಿತ್ತು.

ಸಹಾಯವಾಣಿಯವರು ಸಭ್ಯರು, ಉತ್ತರ ಅದೇ ದಿನ ಬರುತ್ತದೆ. ಆದರೆ ಭಾಗವಾರು ಹುಡುಕಾಟ 'ಮುಂದಿನ ಆವೃತ್ತಿಯಲ್ಲಿ' ಎಂದು ಎರಡು ಆವೃತ್ತಿಗಳಿಂದ ಹೇಳುತ್ತಿದ್ದಾರೆ. ಮ್ಯಾನ್ಯುಯಲ್‌ಗಳಿಗಾಗಿ ಚಂದಾವನ್ನು ಇನ್ನೊಂದು ವರ್ಷಕ್ಕೆ ನವೀಕರಿಸಿದ್ದೇನೆ. ಡೈರೆಕ್ಟಿವ್‌ಗಳ ಲೆಕ್ಕವನ್ನು ಪ್ರತ್ಯೇಕ ಸ್ಪ್ರೆಡ್‌ಶೀಟಿನಲ್ಲಿ ನಾನೇ ಇಡುತ್ತಿದ್ದೇನೆ.