ಕ್ಲಚ್ ಲಿವರ್ ಇಲ್ಲದ ಗಾಡಿ ಆರು ವರ್ಷ ಹೊಡದೀನಿ, ಇದರಾಗ ಸಾವಕಾಶ ಹೋಗೋದೇ ಕಷ್ಟ

ಮೊದ್ಲೇ ಹೇಳ್ತೀನಿ, ಇದು ಹೊಸ ಗಾಡಿ ರಿವ್ಯೂ ಅಲ್ರಿ. 2018ರಾಗ 19 ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಆಗ ಮೀಟರ್ 18 ಸಾವಿರ ಚಿಲ್ಲರೆ ತೋರಸ್ತಿತ್ತು, ಈಗ 52 ಸಾವಿರ ದಾಟ್ಯದ. 110 ಸಿಸಿ, ನಾಕು ಗೇರ್, ಎಡಗೈಗೆ ಕ್ಲಚ್ ಲಿವರ್ ಇಲ್ಲ. ಕಂಪ್ನಿ ಹೆಸರು ಬ್ಯಾಡ ಬಿಡ್ರಿ, ಇಂಥ ಗಾಡಿ ಮಾಡೋದು ಬಂದ್ ಮಾಡಿ ಭಾಳ ದಿವಸ ಆಗ್ಯದ. ನಾ ಇದನ್ನ ಹುಡುಕಿದ್ದು ಯಾಕಂದ್ರ ನನ್ ಎಡಗೈ ಮಣಿಕಟ್ಟು ಮುರದು ಕೂಡ್ಕೊಂಡ ಮ್ಯಾಲೂ ಬರೋಬ್ಬರಿ ಆಗಿಲ್ಲ, ನಮ್ಮ ಕಲಬುರಗಿದಾಗ ಜಗತ್ ಸರ್ಕಲ್‌ನಿಂದ ಸೂಪರ್ ಮಾರ್ಕೆಟ್ ತನಕ ಸಂಜಿ ಆರಕ್ಕ ಕ್ಲಚ್ ಹಿಡದು ಬಿಟ್ಟು ಹಿಡದು ಬಿಟ್ಟು ಹೋದ್ರ ಮನಿಗಿ ಬಂದು ರೊಟ್ಟಿ ಮುರಿಲಕ ಆಗ್ತಿದ್ದಿಲ್ಲ. ಸ್ಕೂಟಿ ತಗೋ ಅಂದ್ರು ಎಲ್ಲಾರೂ. ನಮ್ ಹೊಲ ಇರೋದು ಎರಿ ಭೂಮಿದಾಗ, ಮಳಿ ಬಿದ್ರ ಆ ಸಣ್ಣ ಗಾಲಿ ಅಲ್ಲಿ ನಡಿಯಂಗಿಲ್ಲ.

ತಗೊಂಡು ಮೂರನೇ ದಿವಸ ಸೂಪರ್ ಮಾರ್ಕೆಟ್‌ನಾಗ ಪ್ಯಾರಲಹಣ್ಣಿನ ಬಂಡಿಗಿ ಗುದ್ದಿದೆ. ನಿಂತಿದ್ದೆ, ಮುಂದ ಆಟೋ ಸರೀತು, ಗಡಬಡಿದಾಗ ಎಡಗಾಲಿಲೆ ಗೇರ್ ಒತ್ತಿ ಹಿಡ್ಕೊಂಡೇ ರೇಸ್ ಕೊಟ್ಟೆ, ಗಾಡಿ ಬರೇ ಒದರ್ಲಕತ್ತು, ಮುಂದ ಹೋಗವಲ್ದು, ಅರೆ ಏನಾತಿದಕ್ಕ ಅಂತ ಕಾಲು ಎತ್ತಿದೆ ನೋಡ್ರಿ, ಮುಂದಿನ ಗಾಲಿ ಎದ್ದಂಗಾಗಿ ಸೀದಾ ಬಂಡಿ. ಬಂಡಿಯವ ಒಳ್ಳೆಯವ ಇದ್ದ, ಎರಡು ಕಿಲೋ ತಗೊಂಡು ಹೋಗ್ರಿ ಅಂದು ಬಿಟ್ಟ. ಆ ಪ್ಯಾರಲಹಣ್ಣು ತಿನ್ಕೋತ ಕೂತಾಗೇ ಅರ್ಥ ಆಗಿದ್ದು, ಈ ಗಾಡಿಗಿ ಕ್ಲಚ್ ಇಲ್ಲ ಅನ್ನೋದು ಸುಳ್ಳು, ಕ್ಲಚ್ ಅದ, ಅದು ಕಾಲಾಗದ.

ಒಳಗ ಎರಡು ಕ್ಲಚ್ ಇರ್ತಾವ. ಒಂದು ಸೆಂಟ್ರಿಫ್ಯೂಗಲ್ ಕ್ಲಚ್, ಇಂಜಿನ್ ಜೋರಾಗಿ ತಿರುಗಿದ್ರ ಅದರ ಶೂ (ಬ್ರೇಕಿನ ಶೂ ಇದ್ದಂಗ ಹಿಡಿಯೋ ತುಂಡು) ಹೊರಗ ಅಗಲಾಗಿ ಡ್ರಮ್ ಹಿಡಿತಾವ, ಸ್ಲೋದಾಗ ಬಿಟ್ಟುಬಿಡ್ತಾವ, ಅದಕ್ಕೇ ಗೇರ್‌ನಾಗ ಇಟ್ಟು ಬ್ರೇಕ್ ಹಿಡದು ನಿಂತ್ರೂ ಗಾಡಿ ಬಂದ್ ಆಗಲ್ಲ. ಇನ್ನೊಂದು ಪ್ಲೇಟಿನ ಕ್ಲಚ್, ನಮ್ ಎಲ್ಲಾ ಗಾಡಿದಾಗ ಇರೋ ಹಂಗೇ, ಆದ್ರ ಇದರದ್ದು ಗೇರ್ ಪೆಡಲ್‌ಗೆ ಕಟ್ಟಿರ್ತಾರ. ಪೆಡಲ್ ಒತ್ತಿದ್ರ ಮೊದ್ಲ ಕ್ಲಚ್ ಬಿಡ್ತದ, ಆಮ್ಯಾಲ ಗೇರ್ ಬೀಳ್ತದ, ಪೆಡಲ್ ಬಿಟ್ರ ಕ್ಲಚ್ ಹಿಡಿತದ. ಅಂದ್ರ ಒತ್ತಿ ಹಿಡಿಯೋದಂದ್ರ ಲಿವರ್ ಎಳದು ಹಿಡದಂಗ. ಇಷ್ಟು ತಿಳಕೊಳ್ಳಕ ನನಗ ಎರಡು ಕಿಲೋ ಪ್ಯಾರಲಹಣ್ಣು ಬೇಕಾತು.

ಗೇರ್ ಏರಿಸುವಾಗ ಅಷ್ಟೇನಿಲ್ಲ, ರೇಸ್ ಪೂರ್ತಿ ಬಿಡ್ರಿ, ಒತ್ರಿ, ಕಾಲು ಸಾವಕಾಶ ಎತ್ರಿ, ಮತ್ತ ರೇಸ್ ಕೊಡ್ರಿ. ಇಳಿಸುವಾಗೇ ಎಲ್ಲಾರೂ ತಪ್ಪೋದು. ಮೂರರಿಂದ ಎರಡಕ್ಕ ಹಿಮ್ಮಡಿಲೆ ಒದ್ದು ಕಾಲು ತೆಗೆದುಬಿಟ್ರ ಹಿಂದಿನ ಗಾಲಿ ಧಡಕ್ಕನ ಇಂಜಿನ್‌ನ ಎಳಿತದ, ಝಟ್ಕಾ ಹೊಡಿತದ. ನಾ ಮಾಡೋದು ಏನಂದ್ರ ಹಿಮ್ಮಡಿಲೆ ಒತ್ತಿ ಅಲ್ಲೇ ಹಿಡಿತೀನಿ, ರೇಸ್ ಒಂಚೂರು, ಭಾಳ ಅಲ್ಲ ಒಂಚೂರೇ, ಇಂಜಿನ್ ದನಿ ಗಾಲಿ ಸ್ಪೀಡಿಗಿ ಹೊಂದಿದ್ ಮ್ಯಾಲ ಹಿಮ್ಮಡಿ ಎತ್ತೀನಿ, ಅದೂ ಹಾಲು ಉಕ್ಕೋ ಗಂಗಾಳ ಇಳಿಸಿದಂಗ ಸಾವಕಾಶ. ಚಪ್ಪಲ್ ಮ್ಯಾಲ ಇದು ಆಗಲ್ರಿ, ಬೂಟ್ ಬೇಕು, ಅದೂ ಹಿಮ್ಮಡಿ ತೆಳ್ಳಗಿದ್ದದ್ದು.

ನನ್ ಮೀಟರ್ ನಮ್ಮ ಅವ್ವ. ಅಡ್ಡ ಕೂತು ನನ್ ಹೆಗಲ ಮ್ಯಾಲ ಕೈ ಇಡ್ತಾಳ, ಝಟ್ಕಾ ಆದ್ರ ಕೈ ಬಿಗಿ ಆಗ್ತದ, "ಯಪ್ಪಾ, ಎತ್ತಿನ ಬಂಡಿ ಚಲೋ ಇತ್ತಲ್ಲೋ" ಅಂತಾಳ. ಶರಣಬಸವೇಶ್ವರ ಗುಡಿಗಿ ಪ್ರತಿ ಸೋಮವಾರ ಕರಕೊಂಡು ಹೋಗಬೇಕು, ಒಂದು ವರ್ಷ ತನಕ ಆ ಮಾತು ಕೇಳೀನಿ, ಆಮ್ಯಾಲ ಒಂದು ಸೋಮವಾರ ಕೆರಿ ದಂಡಿ ದಾಟಿದ್ರೂ ಹೆಗಲ ಮ್ಯಾಲಿನ ಕೈ ಹಂಗೇ ಸಡ್ಲ ಇತ್ತು, ತಿರುಗಿ ನೋಡಿದ್ರ ತೂಕಡಸ್ಲಕತ್ತಾಳ! ಖುಷಿ ಆತು, ಅಂಜಿಕಿನೂ ಆತು.

ಈಗ ನಡಕೋತ ಹೋಗೋ ಸ್ಪೀಡಿನ ಮಾತು. ಗದ್ದಲದಾಗ ರೇಸ್ ಕೊಡೋದು ಬಿಡೋದು ಮಾಡಿದ್ರ ಶೂ ಹಿಡಿತಾವ ಬಿಡ್ತಾವ, ಗಾಡಿ ಕಪ್ಪಿ ಹಾರಿದಂಗ ಹಾರ್ತದ. ಒಂದನೇ ಗೇರ್‌ನಾಗ ರೇಸ್ ಒಂದೇ ಸಮ ಹಿಡದು, ಸ್ಪೀಡ್ ಕಮ್ಮಿ ಮಾಡೋದು ಬರೇ ಹಿಂದಿನ ಬ್ರೇಕಿನಿಂದ, ಬಲಗಾಲು ಪೆಡಲ್ ಮ್ಯಾಲ ಹಗೂರ್ಕ ಇಟ್ಟಿರಬೇಕು. ಯೂ ಟರ್ನ್ ಹೊಡಿಯೋದೂ ಹಿಂಗೇ, ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಬ್ರೇಕ್ ಮುಟ್ಟಬ್ಯಾಡ್ರಿ, ಕಣ್ಣು ಹೋಗೋ ಕಡಿ ಇರ್ಲಿ, ಗಾಲಿ ಕಡಿ ಅಲ್ಲ. ಆದ್ರ ಹೋಳಿ ಆದ್ಮ್ಯಾಲ ಶರಣಬಸವೇಶ್ವರ ಅಪ್ಪನ ಜಾತ್ರಿ ಬರ್ತದಲ್ಲ, ಆ ಗದ್ದಲದಾಗ ಅರ್ಧ ತಾಸು ಹಿಂಗೇ ತೆವಳ್ಕೋತ ಹೋದ್ರ ಶೂ ಜಾರಿ ಜಾರಿ ಕಾಯ್ತಾವ, ಸುಟ್ಟ ವಾಸನಿ ಬರ್ತದ. ಅಲ್ಲಿ ಇಷ್ಟು ಮುಂದ ಹೋಗೋದು, ನ್ಯೂಟ್ರಲ್ ಮಾಡಿ ನಿಂದ್ರೋದು, ಜಾಗ ಆದ್ರ ಮತ್ತ ಹೋಗೋದು. ಎರಡನೇ ಗೇರ್‌ನಾಗ ಗಾಡಿ ಎತ್ತೋ ಚಟ ಇದ್ದವರು ಇದನ್ನ ತಗೋಬ್ಯಾಡ್ರಿ, ಶೂ ಒಂದೇ ವರ್ಷಕ್ಕ ತಿಂದು ಹಾಕ್ತೀರಿ.

ಏರಿಗಿ ಇನ್ನೊಂದು ಕಿರಿಕಿರಿ. ಕಿಲ್ಲೆ ಹತ್ರ ಒಂದು ಏರಿನಾಗ ಗೇರ್‌ನಾಗ ಇಟ್ಟು ಸೈಡ್ ಸ್ಟ್ಯಾಂಡ್ ಹಾಕಿ ಚಾ ಕುಡಿಲಕ ಹೋದೆ, ಗಾಡಿ ಹಿಂದಕ್ಕ ಸರದು ಬಿತ್ತು. ಇಂಜಿನ್ ಬಂದ್ ಇದ್ದಾಗ ಶೂ ಹಿಡಿಯಂಗಿಲ್ಲ, ಮೂತಿ ಮ್ಯಾಲ ಮಾಡಿ ನಿಲ್ಲಿಸಿದ್ರ ಗೇರ್ ತಡಿಯಂಗಿಲ್ಲ. ಡಬಲ್ ಸ್ಟ್ಯಾಂಡೇ ಹಾಕ್ರಿ, ಇಲ್ಲಾ ಗಾಲಿಗಿ ಕಲ್ಲು ಇಡ್ರಿ.

ರಿಪೇರಿ ಮಾತಿಗಿ ಬಂದ್ರ ನನ್ ಸಿಟ್ಟೆಲ್ಲಾ ಇಲ್ಲೇ ಅದ. ಒಂದು ಗ್ಯಾರೇಜ್‌ನವ ಕಾರಿನ ಆಯಿಲ್ ಹಾಕಿ ಕೊಟ್ಟ, "ಆಯಿಲ್ ಆಯಿಲೇ ಅಲ್ರಿ ಸರ್" ಅಂದ. ಪ್ಲೇಟು ಆಯಿಲ್‌ನಾಗೇ ಮುಳುಗಿರ್ತಾವ, ಕಾರಿನ ಆಯಿಲ್‌ನಾಗ ಜಾರ್ಲಕ ಮಸಾಲಿ ಹಾಕಿರ್ತಾರ, ರೇಸ್ ಏರ್ತದ ಸ್ಪೀಡ್ ಏರಲ್ಲ. ಡಬ್ಬಿ ಮ್ಯಾಲ ಜಾಸೋ ಎಂಎ (JASO MA, ಆಯಿಲ್‌ನಾಗ ಮುಳುಗಿರೋ ಬೈಕ್ ಕ್ಲಚ್‌ಗೆ ನಡಿಯೋ ಆಯಿಲಿನ ಗುರ್ತು) ಅಂತ ಇದ್ದದ್ದೇ ತಗೋರಿ. ಇನ್ನೊಬ್ಬ ಮಿಸ್ತ್ರಿ ಸ್ಲೋ, ಅಂದ್ರ ರೇಸ್ ಕೊಡದಿದ್ದಾಗ ಇಂಜಿನ್ ತಿರುಗೋ ಸ್ಪೀಡ್, ಏರಿಸಿಬಿಟ್ಟಿದ್ದ, ಒಂದನೇ ಗೇರ್ ಹಾಕಿದ್ರ ಠಕ್ ಅಂತ ಹಾರ್ತಿತ್ತು, ಬ್ರೇಕ್ ಬಿಟ್ರ ತಾನೇ ನಡೀತಿತ್ತು, ಸ್ಲೋ ಇಳಿಸಿದ್ರ ಅರ್ಧ ಝಟ್ಕಾ ಹೋತು. ಚೈನ್ ಲೂಜ್ ಇದ್ರೂ ಹಂಗೇ, ನಾ ಎರಡು ಎರಡೂವರಿ ಸೆಂಟಿಮೀಟರ್ ಆಟ ಇಡ್ತೀನಿ, ಹಿಂದಿನ ಗಾಲಿ ಒಳಗಿನ ರಬ್ಬರ್ ಸವದದ್ದು ಮಾತ್ರ ಮೀಟರ್ 45 ಸಾವಿರ ಆದಾಗ ಗೊತ್ತಾತು, ಅಲ್ಲಿ ತನಕ ನನ್ ಕಾಲಿನ ತಪ್ಪೇ ಅನ್ಕೊಂಡಿದ್ದೆ.

ಕ್ಲಚ್ ಅಡ್ಜಸ್ಟ್ ನಾನೇ ಮಾಡ್ಕೋತೀನಿ. ನನ್ ಗಾಡಿದಾಗ ಬಲಗಡಿ ಕವರ್ ಮ್ಯಾಲ ಲಾಕ್ ನಟ್ ಅದ, ಸಡ್ಲ ಮಾಡಿ ನಡುವಿನ ಸ್ಕ್ರೂ ಗಡಿಯಾರದ ದಿಕ್ಕಿಗಿ ಒಂದು ಸುತ್ತು, ಆಮ್ಯಾಲ ಉಲ್ಟಾ ತಿರುಗಿಸ್ಕೋತ ಬಂದ್ರ ಎಲ್ಲೋ ಬಿಗಿ ಹತ್ತಿದಂಗಾಗ್ತದ, ಅಲ್ಲಿಂದ ಅರ್ಧಪಾವು ಸುತ್ತು ವಾಪಸ್, ನಟ್ ಬಿಗಿ. ಬ್ಯಾರೆ ಮಾಡೆಲ್‌ಗೆ ಲೆಕ್ಕ ಬ್ಯಾರೆ ಇರ್ತದ, ಮ್ಯಾನ್ಯುಯಲ್ ನೋಡ್ರಿ.

ಇದೇನು ಹೊಸ ಐಡಿಯಾ ಅಲ್ಲ, 1958ರಾಗೇ ಜಪಾನ್‌ನಾಗ ಹೋಂಡಾದವರು ಸೂಪರ್ ಕಬ್ ತಂದಾಗ ಎಡಗೈಗೆ ಕ್ಲಚ್ ಇಟ್ಟಿದ್ದಿಲ್ಲ, ಹೋಟೆಲ್ ಹುಡುಗ ಒಂದು ಕೈದಾಗ ಊಟ ಹಿಡದು ಇನ್ನೊಂದ್ರಾಗ ಗಾಡಿ ಹೊಡಿಲಿ ಅಂತ. 2017ಕ್ಕ ಅಂಥವು 10 ಕೋಟಿ ಆದ್ವು. ನಮ್ಮಲ್ಲಿ ಹೀರೋ ಹೋಂಡಾ ಸ್ಟ್ರೀಟ್ ಬಂತು, 2009ರಾಗ ಟಿವಿಎಸ್ ಜೈವ್ ಬಂತು, ಎರಡೂ ನಿಲ್ಲಲಿಲ್ಲ. ಈಗ ಹೋಂಡಾದವರೇ ದೊಡ್ಡ ಗಾಡಿದಾಗ ಇ-ಕ್ಲಚ್ ಅಂತ ತಂದಾರ, ಅದರಾಗ ಮೋಟಾರ್ ಕ್ಲಚ್ ಹಿಡಿತದ ಬಿಡ್ತದ, ಲಿವರ್‌ನೂ ಇರ್ತದ. ಅದರ ರೇಟಿಗಿ ನಮ್ಮ ಕಡಿ ಜೋಡಿ ಎತ್ತು ಬಂದು ಮ್ಯಾಲ ರೊಕ್ಕ ಉಳಿತದ.

ಮೈಲೇಜ್ ಊರಾಗ 52, ಸೇಡಂ ರೋಡಿಗಿ ಬಿಟ್ರ 60ರ ತನಕ. ಮೇ ತಿಂಗಳ ಬಿಸಲಾಗ ಗೇರ್ ಜರಾ ಬಿರುಸಾಗ್ತದ. ಕ್ಲಚ್ ಶೂ ಒಂದು ಜೋಡಿ ಹಳೇ ಗಾಡಿ ಬಿಚ್ಚೋ ಅಂಗಡಿದಾಗ ಸಿಕ್ಕದ, 300 ರೂಪಾಯಿ, ಹಾಳಿದಾಗ ಸುತ್ತಿ ಅಟ್ಟದ ಮ್ಯಾಲ ಇಟ್ಟೀನಿ. ಅವ್ವ ಅದನ್ನ ರದ್ದಿಯವಗ ಹಾಕದಿದ್ರ ಸಾಕು.