ಗ್ರೂಪು, ಶೀಟು, ವಿಕಿ, ಬ್ಲಾಗು: ನಮ್ಮ ಸರ್ವಿಸ್ ಟೀಮಿಗೆ ಒಗ್ಗಿದ್ದು ಯಾವುದು?

ಪೀಣ್ಯದಲ್ಲಿ ನಮ್ಮದು ಸಿಎನ್‌ಸಿ ಮಷಿನ್ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಯಂತ್ರ) ರಿಪೇರಿ ಮಾಡುವ ಟೀಮು, 11 ಜನ ಇದ್ದೇವೆ. ಒಬ್ಬರು ಬೊಮ್ಮಸಂದ್ರದಲ್ಲಿದ್ದರೆ ಇನ್ನೊಬ್ಬರು ತುಮಕೂರಿನ ವಸಂತನರಸಾಪುರದಲ್ಲಿ, ಮತ್ತೊಬ್ಬರು ಹೊಸೂರಿನಲ್ಲಿ. ಎಲ್ಲರೂ ಒಟ್ಟಿಗೆ ಕೂರುವುದು ಶನಿವಾರ ಸಂಜೆ ಮಾತ್ರ, ಅದೂ ಬ್ರೇಕ್‌ಡೌನ್ ಕಾಲ್ ಬರದಿದ್ದರೆ. ಒಬ್ಬರಿಗೆ ಗೊತ್ತಾದದ್ದು ಉಳಿದ ಹತ್ತು ಜನಕ್ಕೂ ಗೊತ್ತಾಗಲಿ ಅಂತ ಎರಡೂವರೆ ವರ್ಷದಲ್ಲಿ ಒಂದಾದ ಮೇಲೊಂದು ದಾರಿ ನೋಡಿದೆವು.

ಮೊದಲು, ಎಲ್ಲರ ಹಾಗೆ, ವಾಟ್ಸಾಪ್ ಗ್ರೂಪು. ವೇಗದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಮಷಿನ್ ಮುಂದೆ ನಿಂತು ಅಲಾರಂ (ಸ್ಕ್ರೀನ್ ಮೇಲೆ ಬರುವ ದೋಷದ ನಂಬರು) ಫೋಟೋ ಹಾಕಿದರೆ ಎರಡು ನಿಮಿಷದಲ್ಲಿ ಯಾರಾದರೂ "ಡ್ರೈವ್ ಫ್ಯಾನ್ ನಿಂತಿರುತ್ತೆ, ನೋಡು" ಅಂತಾರೆ. ತೊಂದರೆ ಶುರುವಾಗುವುದು ಆರು ತಿಂಗಳಾದ ಮೇಲೆ.

ಒಂದು ವರ್ಕ್‌ಶಾಪಿನ ಲೇತ್ ಮೇಲೆ 307 ಅಲಾರಂ ಬಂತು. ಫ್ಯಾನುಕ್ ಕಂಪನಿಯ ಕಂಟ್ರೋಲಿನಲ್ಲಿ (ಮಷಿನ್ ನಡೆಸುವ ಕಂಪ್ಯೂಟರ್) 307 ಅಂದರೆ, ಆಕ್ಸಿಸ್ (ಮಷಿನ್‌ನಲ್ಲಿ ಅತ್ತಿತ್ತ ಜರುಗುವ ಭಾಗ) ಎಲ್ಲಿದೆ ಅಂತ ನೆನಪಿಡುವ ಎನ್‌ಕೋಡರ್‌ನ ಬ್ಯಾಟರಿ ಇಳಿದಿದೆ ಅಂತ. ಆ ಲೇತಿನಲ್ಲಿ ಇದ್ದದ್ದು ಹಳೇ ಟಾರ್ಚಿಗೆ ಹಾಕುವಂಥ ನಾಲ್ಕು ದಪ್ಪ ಸೆಲ್ಲು, ಅಷ್ಟೇ. ಹೋದ ಹುಡುಗ ಹೊಸಬ. ಕರೆಂಟಿನ ಕೆಲಸ ಅಂದಮೇಲೆ ಮೊದಲು ಮೇನ್ ಆಫ್ ಮಾಡು ಅಂತ ಕಲಿತವನು, ಆಫ್ ಮಾಡಿಯೇ ಸೆಲ್ ತೆಗೆದ. ಮತ್ತೆ ಆನ್ ಮಾಡಿದರೆ 300 ಅಲಾರಂ. ಆಕ್ಸಿಸ್‌ಗಳು ತಮ್ಮ ಸೊನ್ನೆ ಎಲ್ಲಿದೆ ಅನ್ನುವುದನ್ನೇ ಮರೆತಿದ್ದವು. ರೆಫರೆನ್ಸ್ ಮತ್ತೆ ಸೆಟ್ ಮಾಡಿ, ಟೂಲ್ ಆಫ್‌ಸೆಟ್ (ಪ್ರತಿ ಟೂಲಿಗೆ ಹಾಕಿಟ್ಟ ಅಳತೆ) ಒಂದೊಂದಾಗಿ ನೋಡುವ ಹೊತ್ತಿಗೆ ಒಂದು ಶಿಫ್ಟ್ ಪೂರ್ತಿ ಹೋಯಿತು. ಈ ಸೆಲ್ಲನ್ನು ಮಷಿನ್ ಆನ್ ಇಟ್ಟು, ಎಮರ್ಜೆನ್ಸಿ ಬಟನ್ ಒತ್ತಿಟ್ಟೇ ಬದಲಾಯಿಸಬೇಕು. ನಮ್ಮ ಸೀನಿಯರ್ ಇದನ್ನು ಎಂಟು ತಿಂಗಳ ಹಿಂದೆ ಅದೇ ಗ್ರೂಪಿನಲ್ಲಿ ಹೇಳಿದ್ದರು, ವಾಯ್ಸ್ ಮೆಸೇಜಿನಲ್ಲಿ. ಹುಡುಕಿದರೆ ಸಿಗುವಂಥದ್ದಲ್ಲ, ಮೇಲಾಗಿ ಆ ಹುಡುಗ ಗ್ರೂಪಿಗೆ ಸೇರಿದ್ದೇ ಅದಾದ ಮೇಲೆ. ಅವನನ್ನು ಬೈಯಲು ನನಗೆ ಮನಸ್ಸೇ ಬರಲಿಲ್ಲ.

ಆಮೇಲೆ ಗೂಗಲ್ ಶೀಟ್ ಮಾಡಿದೆವು. ದಿನಾಂಕ, ಮಷಿನ್, ಅಲಾರಂ, ಕಾರಣ, ಮಾಡಿದ ಕೆಲಸ. ಮ್ಯಾನೇಜರಿಗೆ ಬಹಳ ಇಷ್ಟವಾಯಿತು, ಎಣಿಸಬಹುದಲ್ವಾ. ಆದರೆ ಸಣ್ಣ ಚೌಕದಲ್ಲಿ ಜನ ಬರೆಯುವುದು "ಕೇಬಲ್ ಲೂಸ್, ಸರಿ ಮಾಡಿದೆ" ಅಂತ. ಯಾವ ಕೇಬಲ್, ಹೇಗೆ ಗೊತ್ತಾಯಿತು, ಅದಕ್ಕೆ ಜಾಗವೇ ಇಲ್ಲ. ನಡುವೆ ಒಂದು ತಿಂಗಳು ಸ್ಲ್ಯಾಕ್ ಅನ್ನುವ ಆಫೀಸ್ ಚಾಟ್ ಆ್ಯಪ್ ಕೂಡ ನೋಡಿದೆವು. ಅದರ ಉಚಿತ ಪ್ಲಾನಿನಲ್ಲಿ 90 ದಿನಕ್ಕಿಂತ ಹಳೆಯ ಮೆಸೇಜ್ ಕಾಣುವುದಿಲ್ಲ, ನಮಗೆ ಬೇಕಾದದ್ದೇ ಹಳೆಯದು.

ಆಮೇಲೆ ವಿಕಿ, ಅಂದರೆ ಎಲ್ಲರೂ ಸೇರಿ ಬರೆದು ತಿದ್ದುವ ಪುಟಗಳು. ಅದಕ್ಕೆ ಡೋಕುವಿಕಿ ಅನ್ನುವ ಸಾಫ್ಟ್‌ವೇರ್ ಹಾಕಿದೆವು. ಅದಕ್ಕೆ ಡೇಟಾಬೇಸ್ ಬೇಡ, ಪುಟಗಳೆಲ್ಲ ಸಾದಾ ಟೆಕ್ಸ್ಟ್ ಫೈಲುಗಳು, ಆಫೀಸಿನ ಹಳೇ ಕಂಪ್ಯೂಟರಿನಲ್ಲೇ ಚೆನ್ನಾಗಿ ಓಡಿತು. ಪ್ಯಾರಾಮೀಟರ್ (ಮಷಿನ್ ಸೆಟ್ಟಿಂಗ್) ಬ್ಯಾಕಪ್ ತೆಗೆಯುವ ಕ್ರಮ, ಸೈಟಿಗೆ ಒಯ್ಯಬೇಕಾದ ಸಾಮಾನಿನ ಪಟ್ಟಿ, ಇಂಥದ್ದಕ್ಕೆ ವಿಕಿಯೇ ಸರಿ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿ ಮಾಡಿದಾಗಿನಿಂದ ಅದರ ಜೀವಾಳ ಒಂದೇ, ಯಾರು ಬೇಕಾದರೂ ಯಾರ ಪುಟವನ್ನಾದರೂ ತಿದ್ದಬಹುದು ಅನ್ನುವುದು. ನಮ್ಮಲ್ಲಿ ಎಡವಿದ್ದು ಅಲ್ಲೇ. "ಸಾರ್ ಬರೆದಿರೋದನ್ನ ನಾನು ಹೇಗೆ ತಿದ್ದೋದು?" ಅಂತ ಹುಡುಗರು ಕೈಯೇ ಹಾಕಲಿಲ್ಲ. ತಪ್ಪು ಕಂಡರೂ ಸುಮ್ನೆ ಬಿಟ್ಟರು.

ಕೊನೆಗೆ ಬ್ಲಾಗು. ಅದೇ ಕಂಪ್ಯೂಟರಿನಲ್ಲಿ ವರ್ಡ್‌ಪ್ರೆಸ್ ಹಾಕಿ, ಹೊರಗಿನವರಿಗೆ ಕಾಣದ ಹಾಗೆ ಲಾಗಿನ್ ಇಟ್ಟೆವು. ಹೊಸದು ಮೇಲೆ, ಬರೆದವರ ಹೆಸರು, ಕೆಳಗೆ ಕಾಮೆಂಟು. ಸೀನಿಯರ್ ಮೊದಲು ಒಲ್ಲೆ ಅಂದರು, ಇಂಗ್ಲಿಷಿನಲ್ಲಿ ಬರೆಯಬೇಕು ಅಂದುಕೊಂಡಿದ್ದರು. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ, ಅದು ಅಕ್ಷರವಾದದ್ದನ್ನು ಸ್ವಲ್ಪ ತಿದ್ದಿ ಹಾಕಿ ಸಾರ್ ಅಂದೆ. ಮೊದಲ ವಾರದಲ್ಲೇ ಮೂರು ಹಾಕಿದರು.

ಅದರಲ್ಲಿ ಒಂದು, ಮಧ್ಯಾಹ್ನ ಮಾತ್ರ ಬರುವ ಅಲಾರಂ ಬಗ್ಗೆ. ಎರಡು ಆಕ್ಸಿಸ್‌ಗಳ ಡ್ರೈವ್ (ಮೋಟರ್ ಓಡಿಸುವ ಯೂನಿಟ್) ಅದಲುಬದಲು ಮಾಡಿ ನೋಡಿದರಂತೆ, ಅಲಾರಂ ಝಡ್ ಆಕ್ಸಿಸ್ (ಲೇತಿನ ಉದ್ದಕ್ಕೆ ಜರುಗುವುದು) ಬಿಟ್ಟು ಕದಲಲಿಲ್ಲ, ಹಾಗಾಗಿ ಡ್ರೈವ್ ಚೆನ್ನಾಗಿದೆ. ಆಮೇಲೆ ಆಪರೇಟರ್ ಜೊತೆ ಟೀ ಕುಡಿಯುತ್ತಾ ಕೇಳಿದರೆ, ಉದ್ದದ ಶಾಫ್ಟ್ ಓಡಿಸುವುದು ಮಧ್ಯಾಹ್ನದ ಶಿಫ್ಟಿನಲ್ಲಿ ಮಾತ್ರ. ಝಡ್ ತುದಿವರೆಗೆ ಹೋದಾಗಷ್ಟೇ ಎನ್‌ಕೋಡರ್ ಕೇಬಲ್ ಬಗ್ಗುತ್ತಿತ್ತು, ಬಗ್ಗುವ ಜಾಗದಲ್ಲಿ ಕೂಲಂಟ್ (ಟೂಲ್ ತಂಪಾಗಿಡಲು ಸುರಿಯುವ ದ್ರವ) ತಿಂದು ಸಿಪ್ಪೆ ಸೀಳಿತ್ತು. ಶೀಟಿನಲ್ಲಾಗಿದ್ದರೆ ಇದು "ಕೇಬಲ್ ಬದಲಾಯಿಸಿದೆ" ಅಂತ ಎರಡೇ ಪದ. ಇದರ ಕೆಳಗೆ ನಾಲ್ಕು ಕಾಮೆಂಟು ಬಂದವು, ಒಂದು ಆ 307ರ ಹುಡುಗನದು. ಪುಟ ತಿದ್ದಲು ಹೆದರುತ್ತಿದ್ದವನು "ಸಾರ್, ಹೊಸೂರಿನಲ್ಲೂ ಹೀಗೇ ಇತ್ತು, ಅಲ್ಲಿ ಕನೆಕ್ಟರ್ ಒಳಗೆ ಕೂಲಂಟ್ ಇಳಿದಿತ್ತು" ಅಂತ ಧೈರ್ಯವಾಗಿ ಬರೆದಿದ್ದ.

ಜೂಲಿಯನ್ ಓರ್ ಅನ್ನುವ ಮಾನವಶಾಸ್ತ್ರಜ್ಞರು 1980ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಕಾಪಿಯರ್ ರಿಪೇರಿಯವರ ಜೊತೆ ಓಡಾಡಿ ಕಂಡದ್ದೂ ಇದನ್ನೇ: ಅವರು ಒಬ್ಬರಿಂದೊಬ್ಬರು ಕಲಿಯುತ್ತಿದ್ದದ್ದು ಕೆಟ್ಟ ಮಷಿನ್‌ಗಳ ಕಥೆ ಹೇಳಿಕೊಂಡು. ಮುಂದೆ 1990ರ ದಶಕದಲ್ಲಿ ಆ ಕಂಪನಿ ಯುರೇಕಾ ಅಂತ ವ್ಯವಸ್ಥೆ ಮಾಡಿದಾಗ ಪ್ರತಿ ಸಲಹೆಯ ಜೊತೆ ಬರೆದವರ ಹೆಸರೂ ಇರುತ್ತಿತ್ತು. ಹೆಸರು ಇದ್ದರೆ ಜನ ಬರೆಯುತ್ತಾರೆ, ಓದಿದವರು ಫೋನ್ ಮಾಡಿ ಕೇಳುತ್ತಾರೆ.

ಬ್ಲಾಗಿನಲ್ಲೂ ಕೊರತೆ ಇದೆ. ಕೆಲಸ ಜಾಸ್ತಿಯಾದ ತಿಂಗಳು ಎರಡೇ ಬರಹ ಬಂದದ್ದುಂಟು, ಅದಕ್ಕೇ ಈಗ ಶನಿವಾರ 20 ನಿಮಿಷ ಬರೆಯಲೆಂದೇ ಬಿಡುತ್ತೇವೆ. ಗಿರಾಕಿಯ ಹೆಸರು, ಅವರ ಡ್ರಾಯಿಂಗ್ ಹಾಕುವಂತಿಲ್ಲ. ಗಟ್ಟಿಯಾದ ವಿಷಯವನ್ನು ಹುಡುಗರೇ ವಿಕಿಗೆ ಸಾಗಿಸುತ್ತಾರೆ, ತುರ್ತಿಗೆ ವಾಟ್ಸಾಪ್ ಇದ್ದೇ ಇದೆ, ಶೀಟ್ ಮ್ಯಾನೇಜರ್ ಹತ್ತಿರ ಇದೆ. ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಬ್ಲಾಗ್ ಇಟ್ಟುಕೊಳ್ಳುತ್ತೇನೆ.

ಶುರು ಮಾಡುವವರು ಒಂದು ಗಮನಿಸಿ. ನಮ್ಮಲ್ಲಿ ಒಬ್ಬರು "ಬ್ಯಾಟರಿ" ಅಂತ ಬರೆದರೆ ಇನ್ನೊಬ್ಬರು "ಬ್ಯಾಟ್ರಿ", ಮತ್ತೊಬ್ಬರು "ಸೆಲ್" ಅಂತ ಬರೆದು, ಹುಡುಕಿದರೆ ಯಾವುದೂ ಸಿಗುತ್ತಿರಲಿಲ್ಲ. ಈಗ ಪ್ರತಿ ಬರಹದ ತಲೆಬರಹದಲ್ಲಿ ಮೊದಲು ಅಲಾರಂ ನಂಬರು, ಆಮೇಲೆ ಉಳಿದದ್ದು. 307 ಅಂತ ಒತ್ತಿದರೆ ಅಷ್ಟೂ ಬರುತ್ತವೆ.